ಎಡಗಣ್ಣಿನ ಪಾಠ

ಧರ್ಮ ಕೋಳಿಸಾರಿನ ಸೌಟನ್ನು ತಟ್ಟೆಗೆ ಬಗ್ಗಿಸುವ ಬದಲು ತಟ್ಟೆಯ ಪಕ್ಕಕ್ಕೆ, ನೆಲದ ಮೇಲೆ ಬಗ್ಗಿಸಿದ. ಊಟಕ್ಕೆ ಕೂತಿದ್ದ ಮನೆಯ ಉಳಿದ ಐದು ಜನವೂ ಅದನ್ನು ನೋಡಿದರು. ನೋಡಿಲ್ಲ ಎಂದು ಐದು ಜನವೂ ನಟಿಸಿದರು. ಅವನ ತಾಯಿ ಹುಲಿಯಮ್ಮ ಎದ್ದು ಬಟ್ಟೆ ತಂದು ನೆಲ ಒರೆಸುತ್ತ, “ಈ ಸೌಟಿನ ಹಿಡಿ ಸಡ್ಲ ಆಗೈತೆ, ಸಂತೇಲಿ ಬೇರೆ ತರ್ಬೇಕು” ಅಂದಳು. ಸೌಟಿನ ಹಿಡಿ ಗಟ್ಟಿಯಾಗಿಯೇ ಇತ್ತು.

ಅದು ಎರಡು ಸಾವಿರದ ಒಂದನೇ ಇಸವಿ, ನವೆಂಬರ್ ತಿಂಗಳು. ಯಸಳೂರಿನಿಂದ ಎರಡು ಮೈಲಿ ಮೇಲೆ, ಎರಡು ಎಕರೆ ಕಾಫಿ ತೋಟದ ಅಂಚಿನಲ್ಲಿದ್ದ ಆ ಮನೆಯ ಮುಂದಿನ ತಿರುವಿಗೆ ಬಸ್ಸಿನವರು ‘ಬಾಕ್ಸರ್ ಮನೆ ಸ್ಟಾಪ್’ ಎಂದು ಹೆಸರಿಟ್ಟು ಆರು ವರ್ಷವಾಗಿತ್ತು. ಪಂಚಾಯ್ತಿ ಅಧ್ಯಕ್ಷರ ಮನೆಗೂ ಇಲ್ಲದ ಮರ್ಯಾದೆ ಅದು. ಧರ್ಮನಿಗೆ ಆಗ ಮೂವತ್ತನಾಲ್ಕು. ಹೈಸ್ಕೂಲಿನಲ್ಲಿದ್ದಾಗ ಎರಡು ಕಾಫಿ ಮೂಟೆ ಒಟ್ಟಿಗೆ ಹೊತ್ತು ಲಾರಿಗೆ ಹಾಕುತ್ತಿದ್ದ ಹುಡುಗನನ್ನು ಕಂಡ ಪಿ.ಟಿ. ಮೇಷ್ಟ್ರು ಮಹಾದೇವಯ್ಯ, “ಈ ಕೈ ಮೂಟೆ ಹೊರೋಕಲ್ಲ” ಎಂದು ಅವನಿಗೆ ಗ್ಲೌಸ್ ಹಾಕಿಸಿದ್ದರು. ಅಲ್ಲಿಂದ ಜಿಲ್ಲೆ, ರಾಜ್ಯ, ಆಮೇಲೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಟಿಕೇಟು ಮಾರಿ, ದುಡ್ಡು ಕೊಟ್ಟು ಬಾಕ್ಸಿಂಗ್ ಆಡಿಸುವ ಮುಂಬೈಯ ಒಬ್ಬ ಸೇಠ್ ಸಿಕ್ಕಿದ. ಧರ್ಮ ರೈಲ್ವೆ ಕೆಲಸ ಬಿಟ್ಟು ಅವನ ಹಿಂದೆ ಹೋದ. ಐದು ವರ್ಷದಲ್ಲಿ ಹದಿನೈದು ಕಾಳಗ. ಒಂಬತ್ತು ಗೆದ್ದ, ಐದು ಸೋತ, ಒಂದು ಸಮ.

ಹೆವಿವೇಟ್ ಎಂದರೆ ಮೇಲೆ ಮಿತಿಯಿಲ್ಲದ ತೂಕ. ಉಳಿದವರಿಗೆಲ್ಲ ಇಷ್ಟೇ ಕಿಲೋ ಎಂಬ ಗೆರೆ ಇರುತ್ತದೆ. ಹೆವಿವೇಟಿನವನ ಎದುರಿಗೆ ಎಂಥ ಬೆಟ್ಟವನ್ನು ಬೇಕಾದರೂ ತಂದು ನಿಲ್ಲಿಸಬಹುದು. ಧರ್ಮ ತೊಂಬತ್ತನಾಲ್ಕು ಕಿಲೋ ಇದ್ದ. ಎದುರಾಳಿಗಳು ನೂರಕ್ಕೆ ಕಮ್ಮಿ ಇರುತ್ತಿರಲಿಲ್ಲ. ಹದಿನೈದನೇ ಕಾಳಗದಲ್ಲಿ ಅಂಥವನೊಬ್ಬನ ಗ್ಲೌಸಿನ ಹೆಬ್ಬೆರಳು ಇವನ ಎಡಗಣ್ಣಿಗೆ ಹೊಕ್ಕಿತು. ಹಾಸನದ ಕಣ್ಣಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು, ಬಾಯಲ್ಲೂ ಹೇಳಿದರು: ಎಡಗಣ್ಣು ಹೋಗಿದೆ, ಇನ್ನು ಬರುವುದಿಲ್ಲ. ಬಲಗಣ್ಣಿನ ಒಳಗಿನ ಪರದೆಯೂ ತೆಳ್ಳಗಾಗಿದೆ. ಇನ್ನೊಂದು ಪೆಟ್ಟು ಸಾಕು. ಬಾಕ್ಸಿಂಗ್ ಬಿಡಬೇಕು.

ಧರ್ಮ ಬಿಟ್ಟ. ಹತ್ತು ತಿಂಗಳು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಮಾತಾಡಿಸಿದರೆ ಹೂಂ, ಊಟಕ್ಕೆ ಕರೆದರೆ ಹೂಂ. ಅವನ ಹೆಂಡತಿ ಚಂದ್ರಿಕಾ ಚೀಟಿಯನ್ನು ಟ್ರಂಕಿನಲ್ಲಿ, ತನ್ನ ಧಾರೆಸೀರೆಯ ಮಡಿಕೆಯೊಳಗೆ ಇಟ್ಟಳು.

ಸಾರು ಚೆಲ್ಲಿದ ಆ ಮಧ್ಯಾಹ್ನವೇ ರವಿ ಸುದ್ದಿ ತೆಗೆದದ್ದು. ರವಿ ಧರ್ಮನ ತಮ್ಮ. ಕಾಳಗದ ದಿನ ರಿಂಗಿನ ಮೂಲೆಯಲ್ಲಿ ಬಕೆಟ್ಟು, ಟವೆಲ್ಲು ಹಿಡಿದು ನಿಲ್ಲುವವನು.

“ವೀರಯ್ಯನ ಬೂತಿಗೆ ಸೇಠ್ ಫೋನ್ ಮಾಡಿದ್ದ ಅಣ್ಣ. ಜನವರಿ ಹದಿನೆಂಟಕ್ಕೆ ಮುಂಬೈನಲ್ಲಿ ಆರು ರೌಂಡು. ಇದೇ ಕಡೇದು. ಗೆದ್ರೆ ಅವ್ನ ಜಿಮ್ನಲ್ಲಿ ಕೋಚ್ ಕೆಲ್ಸ, ಇರಕ್ಕೆ ಎರಡು ರೂಮಿನ ಮನೆ.”

“ನಿಮ್ಮಣ್ಣನ ಕಣ್ಣಿನ ವಿಷ್ಯ ಹೇಳಿದ್ಯಾ?” ಅಂದಳು ಚಂದ್ರಿಕಾ.

“ಹೇಳಿದ್ರೆ ಯಾರ್ ಕರೀತಾರೆ ಅತ್ಗೆ?”

“ಆಡಕ್ಕೆ ಮುಂಚೆ ಸೇಠ್ ಕಡೆ ಡಾಕ್ಟ್ರು ಪರೀಕ್ಷೆ ಮಾಡ್ತಾರಲ್ಲ, ಅವಾಗ ಯಾವ ಕಣ್ಣಲ್ಲಿ ಓದ್ತಾರೆ ಇವ್ರು?”

ರವಿ ರೊಟ್ಟಿ ಮುರಿದು ಸಾರಿಗೆ ಅದ್ದಿದ. ಧರ್ಮ ತಲೆಯೆತ್ತಿ ಹೆಂಡತಿಯನ್ನು ನೋಡಿದ. “ಸೋತು ಕಣ್ ಕಳ್ಕೊಂಡು ಬಂದೋನು ಅಂತ ಸಾಯೋವರ್ಗೂ ಕರೆಸ್ಕೊಳ್ಳಕ್ಕಾಗಲ್ಲ ಚಂದ್ರಿ. ಒಂದೇ ಒಂದು. ಗೆದ್ದು ಬಿಟ್ಬುಡ್ತೀನಿ.”

“ಇನ್ನೊಂದೂ ಹೋದ್ರೆ?”

“ಲೇ ಹೋಗವ್ವ, ಉಣ್ಣೋ ಹೊತ್ನಲ್ಲಿ ಅಪಶಕುನ ನುಡೀಬ್ಯಾಡ,” ಅಂದಳು ಹುಲಿಯಮ್ಮ.

ಆಗ ಹುಚ್ಚಣ್ಣ ಬಾಯಿ ತೆರೆದ. ಧರ್ಮನ ಅಪ್ಪ. ಆ ಮನೆಯಲ್ಲಿ ಅವನು ಬಾಯಿ ತೆರೆದರೆ ಉಳಿದವರ ಬಾಯಿ ಮುಚ್ಚುತ್ತಿತ್ತು.

“ಡಾಕ್ಟ್ರು ಏನ್ ಓದಿಸ್ತಾನೆ?”

“ಗೋಡೆ ಮೇಲೆ ಒಂದು ಬೋರ್ಡ್ ಇರ್ತದೆ ಅಪ್ಪಯ್ಯ. ಇಂಗ್ಲಿಷ್ ಅಕ್ಷರದ್ದು. ಒಂದ್ ಕಣ್ಣು ಮುಚ್ಚಿ ಇನ್ನೊಂದ್ರಲ್ಲಿ ಓದು ಅಂತಾನೆ.”

“ಪ್ರತೀ ಸಲಾನೂ ಅದೇ ಬೋರ್ಡಾ?”

“ಅದೇ. ಐದು ವರ್ಷದಿಂದ ಅದ್ರ ಮೇಲಿನ ನೊಣದ ಕಲೇನೂ ಅಳ್ಸಿಲ್ಲ.”

“ಹಂಗಾದ್ರೆ ಕಲ್ತ್ಕೊಂಡ್ರಾಯ್ತಲ್ಲ,” ಅಂದ ಹುಚ್ಚಣ್ಣ, ಮಜ್ಜಿಗೆಗೆ ಕೈ ಚಾಚುತ್ತ. “ಅದಕ್ಯಾಕೆ ಇಷ್ಟು ರಗಳೆ?”

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಹುಚ್ಚಣ್ಣ ಇಪ್ಪತ್ತಾರು ವರ್ಷ ದೊಡ್ಡ ಎಸ್ಟೇಟೊಂದರಲ್ಲಿ ಕೂಲಿಯಾಳುಗಳ ಮೇಲಿನ ಮೇಸ್ತ್ರಿಯಾಗಿದ್ದವನು. ವರ್ಷಕ್ಕೊಮ್ಮೆ ಲೇಬರ್ ಇನ್ಸ್‌ಪೆಕ್ಟರು ಬರುವುದಕ್ಕೆ ವಾರ ಮೊದಲೇ ಆಳುಗಳ ಲೈನ್ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು, ಲೈನಿನ ಹೆಂಗಸರನ್ನೆಲ್ಲ ಸ್ಟೋರಿನ ಮುಂದೆ ಕೂರಿಸಿ ಹುಚ್ಚಣ್ಣ ಪಾಠ ಹೇಳುತ್ತಿದ್ದ. ಕಂಬಳಿ ಕೊಟ್ರಾ? ಕೊಟ್ರು. ಮಕ್ಕಳ್ನ ಬಿಟ್ಟು ಕೆಲ್ಸಕ್ಕೆ ಬರೋ ಕೂಸಿನ ಮನೆ ಸೋರ್ತದಾ? ಸೋರಲ್ಲ. ಒಬ್ಬರೂ ತಪ್ಪದ ಹಾಗೆ ಕಲಿಸುತ್ತಿದ್ದ. ಇನ್ಸ್‌ಪೆಕ್ಟರು ಸಂತೋಷದಿಂದ ಹೋಗುತ್ತಿದ್ದರು, ಮಾರನೇ ದಿನ ಎಲ್ಲರಿಗೂ ಅರ್ಧ ದಿನ ರಜೆ, ಒಂದು ಉಂಡೆ ಬೆಲ್ಲ. ಪರೀಕ್ಷೆ ಎಂದರೆ ಉತ್ತರ ಕಲಿತು ಒಪ್ಪಿಸುವುದು. ಅದರಾಚೆ ನಿಜ ಎಂಬುದೊಂದು ಇದೆ ಎಂದು ಆ ಮನೆ ಯೋಚಿಸಿದ್ದೇ ಇಲ್ಲ.

ರವಿ ಕರಾರು ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರಲು ಮುಂಬೈಗೆ ಹೋದವನು, ಕಣ್ಣುರಿ ಎಂದು ಸುಳ್ಳು ಹೇಳಿ ಸೇಠ್ ಕಡೆಯ ಆ ಡಾಕ್ಟರ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತು, ಬೀಡಿ ಕಟ್ಟಿನ ಕಾಗದದ ಹಿಂದೆ ಏಳೂ ಸಾಲು ಬರೆದುಕೊಂಡು ಬಂದ.

ಆ ಕಾಗದ ಸೇರಿದ್ದು ಚೈತ್ರಶ್ರೀ ಕೈಗೆ. ಧರ್ಮನ ಒಬ್ಬಳೇ ಮಗಳು, ಐದನೇ ಕ್ಲಾಸು. ಇಂಗ್ಲಿಷ್ ಅಕ್ಷರ ಆಗಷ್ಟೇ ಕಲಿತಿದ್ದಳು. ಆ ಉತ್ಸಾಹಕ್ಕೆ ಹಟ್ಟಿಯ ಗೋಡೆ, ಹಿಟ್ಟಿನ ಡಬ್ಬ ಯಾವುದೂ ಉಳಿದಿರಲಿಲ್ಲ. ಹಳೇ ಕ್ಯಾಲೆಂಡರಿನ ಹಿಂದೆ ಇದ್ದಿಲಿನಲ್ಲಿ ದಪ್ಪ ದಪ್ಪ ಬರೆದು ಒಲೆಯ ಎದುರಿನ ಕಂಬಕ್ಕೆ ನೇತುಹಾಕಿದಳು. ಮೇಲೆ ಒಂದು ದೊಡ್ಡ ಇ. ಅದರ ಕೆಳಗೆ ಎಫ್, ಪಿ. ಅದರ ಕೆಳಗೆ ಟಿ, ಓ, ಝೆಡ್. ಹೀಗೆ ಇಳಿಯುತ್ತ ಸಣ್ಣದಾಗುತ್ತ.

“ಅಪ್ಪಂಗೆ ಯಾಕೆ ಪರೀಕ್ಷೆ?” ಎಂದು ಕೇಳಿದ್ದಳು.

“ಪಾಸಾದ್ರೆ ಕೋಚ್ ಆಯ್ತಾನೆ. ನೀನೇ ಟೀಚರು,” ಅಂದಿದ್ದ ಹುಚ್ಚಣ್ಣ.

ಡಿಸೆಂಬರ್ ಪೂರ್ತಿ ಪಾಠ ನಡೆಯಿತು. ಬೆಳಿಗ್ಗೆ ಧರ್ಮ ಬೆನ್ನಿಗೆ ಮರಳಿನ ಚೀಲ ಕಟ್ಟಿ ದಿಣ್ಣೆ ಹತ್ತಿ ಇಳಿದು ಬರುತ್ತಿದ್ದ. ಬಂದವನಿಗೆ ಎಂಟು ಅಕ್ಕಿರೊಟ್ಟಿ, ಆರು ಮೊಟ್ಟೆ, ಚೊಂಬು ಹಾಲು. ಹೆಂಗಸರು ತೋಟದಲ್ಲಿ ಹಣ್ಣು ಕುಯ್ಯಲು ಹೋದರೆ ಅವನು ಹಲಸಿನ ಕೊಂಬೆಗೆ ನೇತುಹಾಕಿದ ಚೀಲಕ್ಕೆ ಗುದ್ದುತ್ತಿದ್ದ. ಆ ಸದ್ದು ಕೆಳಗಿನ ಗದ್ದೆಯವರೆಗೂ ಕೇಳುತ್ತಿತ್ತು. ಸಂಜೆ ಚೈತ್ರ ಸ್ಕೂಲಿನಿಂದ ಬಂದ ಮೇಲೆ ಒಲೆಯ ಮುಂದೆ ಕ್ಲಾಸು.

“ಬಲಗಣ್ಣು ಮುಚ್ಕೋ ಅಪ್ಪ. ಬೆರಳ್ ಸಂದೀಲಿ ನೋಡ್ಬಾರ್ದು. ಮೂರನೇ ಸಾಲು?”

“ಟಿ, ಓ, ಝೆಡ್.”

“ನಾಲ್ಕನೇ ಸಾಲು, ಹಿಂದ್ಗಡೆಯಿಂದ?”

“ಡಿ, ಇ... ಎಲ್...”

“ತಪ್ಪು! ಡಿ, ಇ, ಪಿ, ಎಲ್. ಹತ್ತು ಬಸ್ಕಿ ಹೊಡಿ.”

ತೊಂಬತ್ತನಾಲ್ಕು ಕಿಲೋದ ಹೆವಿವೇಟು ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದ. ಮಗಳು ಅಡಿಕೋಲು ಆಡಿಸುತ್ತ ಎಣಿಸುತ್ತಿದ್ದಳು. ಹುಲಿಯಮ್ಮನಿಗೆ ಓದು ಬರಹ ಬರುವುದಿಲ್ಲ. ಆದರೂ ಕೇಳಿ ಕೇಳಿ ಅವಳಿಗೇ ಬಾಯಿಪಾಠವಾಯಿತು. ಹಿಟ್ಟು ಕಲಸುತ್ತ, “ಇ, ಎಪ್ಪು ಪಿ, ಟಿ ಓ ಜೆಡ್ಡು” ಎಂದು ಸೋಬಾನೆಯ ಧಾಟಿಯಲ್ಲಿ ಹೇಳಿದರೆ ಧರ್ಮ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಗುತ್ತಿದ್ದ. ಹತ್ತು ತಿಂಗಳ ಮೇಲೆ ಆ ಮನೆಯಲ್ಲಿ ನಗು ಬಂದಿತ್ತು. ಅದನ್ನು ನಿಲ್ಲಿಸುವವರು ಯಾರು?

“ಗಡಗಡ ಅಂತ ಒಪ್ಪಿಸ್ಬ್ಯಾಡ ಕಣೋ,” ಎಂದು ಹುಚ್ಚಣ್ಣ ಎಲೆಯಡಿಕೆ ಹಾಕುತ್ತ ತಿದ್ದುತ್ತಿದ್ದ. “ಕಣ್ ಕಾಣೋನು ಅಷ್ಟು ಬಿರ್ರನೆ ಓದಲ್ಲ. ಕಡೇ ಸಾಲಲ್ಲಿ ಬೇಕಂತ ಒಂದಕ್ಷರ ತಪ್ಪು ಹೇಳು. ಎಲ್ಲಾ ಸರಿ ಹೇಳಿದ್ರೆ ಇನ್ಸ್‌ಪೆಕ್ಟ್ರಿಗೆ ಅನುಮಾನ ಬತ್ತದೆ.”

ಚಂದ್ರಿಕಾ ಮಾತ್ರ ಈ ನಗುವಿಗೆ ಸೇರಲಿಲ್ಲ. ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಕಾಫಿ ಒಣಗಿಸುವ ಕಣದಲ್ಲಿ ಅತ್ತೆಯ ಹತ್ತಿರ ಹೇಳಿಯೂ ನೋಡಿದಳು.

“ಅತ್ತೆ, ನಾವು ಮಾಡ್ತಿರೋದು ಸರಿ ಅಲ್ಲ.”

“ಸರಿಯೋ ತಪ್ಪೋ, ಅವ್ನು ಉಣ್ತಾವ್ನೆ, ನಗ್ತಾವ್ನೆ. ನಂಗಷ್ಟು ಸಾಕು.”

“ಕಣ್ಣು ಹೋದ್ರೆ ನಗು ಎಲ್ಲಿಂದ ತರ್ತೀರ?”

ಹುಲಿಯಮ್ಮ ಒಣಗಿದ ಕಾಫಿಗೆ ಕಾಲಾಡಿಸುತ್ತ ಕಣದ ಆ ತುದಿಗೆ ನಡೆದುಬಿಟ್ಟಳು. ಹೆತ್ತವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಮಗ ನೀರಿನ ಲೋಟಕ್ಕೆ ಕೈ ಚಾಚಿದಾಗೆಲ್ಲ ಲೋಟವನ್ನು ಅವನ ಕೈಗೆ ಸಿಗುವ ಹಾಗೆ ಸರಿಸಿಡುತ್ತಿದ್ದವಳು ಅವಳೇ.

ಜನವರಿಯ ಮೊದಲ ವಾರ ಸಂತೆಯ ದಿನ ಚಂದ್ರಿಕಾ ಯಸಳೂರಿಗೆ ಒಬ್ಬಳೇ ಹೋದಳು. ಸೆರಗಿನ ತುದಿಯಲ್ಲಿ ಸೇಠ್‌ನ ನಂಬರು ಕಟ್ಟಿಕೊಂಡಿದ್ದಳು. ವೀರಯ್ಯನ ಎಸ್.ಟಿ.ಡಿ. ಬೂತಿನ ಗಾಜಿನ ಬಾಗಿಲು ಹಾಕಿಕೊಂಡು ನಂಬರು ಒತ್ತಿದಳು. ಹೇಳಬೇಕಾದದ್ದು ಒಂದೇ ಮಾತು, ಟಿ.ವಿ. ನೋಡಿ ಕಲಿತ ಹಿಂದಿಯಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು: ಧರ್ಮ ಕಾ ಏಕ್ ಆಂಖ್ ನಹೀ ಹೈ, ಧರ್ಮನಿಗೆ ಒಂದು ಕಣ್ಣಿಲ್ಲ.

“ಹಲೋ, ಕೌನ್?” ಅಂತು ಆ ಕಡೆಯ ದನಿ.

ಚಂದ್ರಿಕಾ ಬಾಯಿ ತೆರೆದಳು. ಆ ಗಳಿಗೆಯಲ್ಲಿ ಅವಳಿಗೆ ನೆನಪಾದದ್ದು ಗಂಡನ ನಗುವೂ ಹೌದು. ಆದರೆ ನಿಜ ಹೇಳಬೇಕೆಂದರೆ ಅದೊಂದೇ ಅಲ್ಲ. ಎರಡು ರೂಮಿನ ಮನೆ ನೆನಪಾಯಿತು. ಅತ್ತೆಯ ಒಲೆಯಲ್ಲ, ತನ್ನದೇ ಒಂದು ಗ್ಯಾಸಿನ ಒಲೆ. ಕೋಚ್ ಸಾಹೇಬರ ಹೆಂಡತಿ ಎಂಬ ಹೆಸರು. ಮಗಳಿಗೆ ಇಂಗ್ಲಿಷ್ ಸ್ಕೂಲು. ಹನ್ನೆರಡು ವರ್ಷ ಆರು ಜನಕ್ಕೆ ರೊಟ್ಟಿ ತಟ್ಟಿದವಳಿಗೆ ಅಷ್ಟು ಆಸೆ ಪಾಪವೇನೂ ಅಲ್ಲ. ಆದರೆ ಆ ಆಸೆಯೇ ಅವಳ ನಾಲಿಗೆ ಹಿಡಿಯಿತು. ಫೋನು ಇಟ್ಟುಬಿಟ್ಟಳು.

“ಲೈನ್ ಸಿಗ್ಲಿಲ್ವಾ ತಾಯಿ?” ಅಂದ ವೀರಯ್ಯ.

“ಸಿಗ್ಲಿಲ್ಲ.”

ಮೀಟರಿನಲ್ಲಿ ಹನ್ನೆರಡು ರೂಪಾಯಿ ತೋರಿಸುತ್ತಿತ್ತು. ವೀರಯ್ಯ ಅದನ್ನು ನೋಡಿದ, ಅವಳನ್ನು ನೋಡಿದ, ದುಡ್ಡು ತೆಗೆದುಕೊಂಡ. ಚಂದ್ರಿಕಾ ಸಂತೆಯಲ್ಲಿ ಒಂದು ಹೊಸ ಸೌಟು ಕೊಂಡುಕೊಂಡು ಮನೆಗೆ ಬಂದಳು.

ಹೊರಡುವ ದಿನ ಹುಲಿಯಮ್ಮ ದಾರಿಗೆಂದು ಬಾಳೆಲೆಯಲ್ಲಿ ಕಡುಬು ಕಟ್ಟಿದಳು. ಧರ್ಮ ಅಪ್ಪ ಅವ್ವನ ಕಾಲಿಗೆ ಬಿದ್ದ. ಬಸ್ಸು ಬಂತು, ಅಣ್ಣ ತಮ್ಮ ಹತ್ತಿದರು. ಬಸ್ಸು ಹೊರಟ ಮೇಲೆ ಚೈತ್ರ ಅದರ ಹಿಂದೆ ಓಡುತ್ತ ಕೂಗಿದಳು: “ಅಪ್ಪಾ, ಕಡೇ ಸಾಲಲ್ಲಿ ಒಂದು ತಪ್ಪು ಮಾಡು! ಮರೀಬ್ಯಾಡ!”

ಧರ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳು ತೋರಿಸಿದ.

ಹದಿನೇಳಕ್ಕೆ ಫೋನು ಬಂತು: ಪಾಸು. ಹತ್ತೊಂಬತ್ತರ ಬೆಳಿಗ್ಗೆ ಮತ್ತೆ ಬಂತು. ವೀರಯ್ಯನ ಬೂತಿನ ಮುಂದೆ ಆಗಲೇ ಹದಿನೈದು ಜನ ಸೇರಿದ್ದರು. ರಿಸೀವರ್ ಕಿವಿಗಿಟ್ಟ ಹುಚ್ಚಣ್ಣ ಮೊದಲು “ಹಾಂ” ಅಂದ, ಆಮೇಲೆ “ಹಾಂ?” ಅಂದ, ಆಮೇಲೆ ಬಾಗಿಲು ತೆಗೆದು, “ಗೆದ್ಬುಟ್ಟ ಕಣ್ರೋ! ನೂರಾ ಹನ್ನೆರಡು ಕೇಜಿಯೋನ್ನ ಐದನೇ ರೌಂಡಲ್ಲಿ ಮಲಗಿಸ್ಬುಟ್ಟ!” ಎಂದು ಕೂಗಿದ.

ಧರ್ಮ ಬಂದಿಳಿದಾಗ ಸ್ಟಾಪಿನಲ್ಲಿ ಪಟಾಕಿ ಹೊಡೆದರು. ಮಹಾದೇವಯ್ಯ ಮೇಷ್ಟ್ರು ಶಾಲು ಹೊದಿಸಿದರು. ಕೋಚ್ ಕೆಲಸಕ್ಕೆ ಮುಂದಿನ ತಿಂಗಳು ಬಾ ಎಂದು ಸೇಠ್ ಹೇಳಿ ಕಳಿಸಿದ್ದ. ಅವನ ಬಲಗಣ್ಣು ಊದಿ ಮುಚ್ಚಿಹೋಗಿತ್ತು, ಆದರೆ ಬಾಯಿ ನಗುತ್ತಿತ್ತು. ಆ ದಿನ ಹಂದಿ ಸಾರು, ಕಡುಬು. ನಲವತ್ತು ಜನ ಉಂಡರು. ಚೈತ್ರ ಬಂದ ಬಂದವರಿಗೆಲ್ಲ ಕಂಬದ ಮೇಲಿನ ಕ್ಯಾಲೆಂಡರು ತೋರಿಸಿ, “ನಾನೇ ಟೀಚರು. ನಮ್ಮಪ್ಪ ಒಂದೇ ತಪ್ಪು, ಅದೂ ಬೇಕಂತ ಮಾಡಿದ್ದು” ಎಂದು ಹೇಳಿಕೊಂಡಳು. ಜನ ನಕ್ಕರು. ಚಂದ್ರಿಕಾ ಬಡಿಸುತ್ತಲೇ ಇದ್ದಳು. ಅವಳು ಉಂಡಳೋ ಇಲ್ಲವೋ ಯಾರೂ ಕೇಳಲಿಲ್ಲ.

ಊತ ನಾಲ್ಕು ದಿನಕ್ಕೆ ಇಳಿಯಿತು. ಕಣ್ಣು ತೆರೆಯಿತು. ಚಂದ್ರಿಕಾ ಗಂಡನ ಮುಖದ ಮುಂದೆ ಮೂರು ಬೆರಳು ಹಿಡಿದಳು, ಅವನು ಮೂರು ಅಂದ. ಅವಳು ದೇವರ ಗೂಡಿಗೆ ಹೋಗಿ ಅತ್ತು ಬಂದಳು. ತಪ್ಪಿಸಿಕೊಂಡೆವು ಎಂದುಕೊಂಡಳು.

ಹದಿಮೂರನೇ ದಿನ, ಫೆಬ್ರವರಿ ಮೊದಲಿಗೆ, ಹುಚ್ಚಣ್ಣನ ತಂಗಿಯ ಮಗಳು ಬಂದಿದ್ದಾಗ ಧರ್ಮ, “ಏನ್ ಮಾರಾಯ, ಹಗಲೊತ್ತೇ ಮಿಣುಕು ಹುಳ ಹಾರಾಡ್ತಾವೆ” ಅಂದ. ತಮಾಷೆ ಎಂದುಕೊಂಡರು. ಆಮೇಲೆ ನಾಲ್ಕು ದಿನ ಅವನು ತಮಾಷೆ ಮಾಡಲಿಲ್ಲ. ಮಾತೂ ಕಮ್ಮಿಯಾಯಿತು. ಐದನೇ ದಿನ ಬೆಳಿಗ್ಗೆ ಚಂದ್ರಿಕಾ ಕಾಫಿ ತೆಗೆದುಕೊಂಡು ಕಣಕ್ಕೆ ಹೋದಳು. ಹರವಿದ ಕಾಫಿಯನ್ನು ಧರ್ಮ ಉದ್ದ ಹಿಡಿಯ, ಹಲ್ಲಿನ ಹಲುಬೆಯಲ್ಲಿ ಎಳೆಯುತ್ತಿದ್ದ. ಎಳೆದೆಳೆದು ಕಣದ ಅಂಚು ದಾಟಿಸಿ ಚರಂಡಿಗೆ ಬೀಳಿಸುತ್ತಿದ್ದ. ಚರಂಡಿಯಲ್ಲಿ ಆಗಲೇ ಒಂದು ಮೂಟೆಯಷ್ಟು ಕಾಫಿ ಬಿದ್ದಿತ್ತು. ಅವನು ಎಳೆಯುತ್ತಲೇ ಇದ್ದ.

“ರೀ,” ಅಂದಳು. “ನಿಲ್ಸಿ.”

“ಯಾಕೆ?”

“ಕಣ ಅಲ್ಲಿಗೆ ಮುಗ್ದೈತೆ.”

ಧರ್ಮ ಹಲುಬೆ ಹಿಡಿದುಕೊಂಡೇ ನಿಂತ. “ಕೆಳಗಿಂದ ಒಂದು ಕರೀ ಪರದೆ ಏಳ್ತಾ ಐತೆ ಚಂದ್ರಿ,” ಅಂದ ಮೆಲ್ಲಗೆ. “ನಿನ್ ತಲೆ ಕಾಣ್ತದೆ. ಕತ್ತಿಂದ ಕೆಳಗೆ ಇಲ್ಲ.”

ಕಾಫಿ ಲೋಟ ಅವಳ ಕೈಯಲ್ಲೇ ತಣ್ಣಗಾಯಿತು.

ಅವತ್ತೇ ಹಾಸನಕ್ಕೆ ಹೊರಡಬೇಕಿತ್ತು. ಹೊರಡಲಿಲ್ಲ. ಎರಡು ದಿನ ಜಗಳದಲ್ಲೇ ಹೋಯಿತು, ಇದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

“ಆ ಡಾಕ್ಟ್ರು ಕೇಳಲ್ವಾ, ಯಾರ್ ಪಾಸ್ ಮಾಡಿದ್ರು ಅಂತ? ಪೊಲೀಸಿಗೆ ಕೊಟ್ರೆ?” ಅಂದ ಹುಚ್ಚಣ್ಣ. “ಎರಡು ದಿನ ನೋಡನ. ಹೊನಗೊನ್ನೆ ಸೊಪ್ಪಿನ ರಸ ಬಿಟ್ರೆ ಇಳೀತದೆ.”

“ಇಳಿಯಕ್ಕೆ ಅದು ಬಾವು ಅಲ್ಲ ಮಾವ!”

“ನೀನು ಸುಮ್ನಿರವ್ವ. ಅವತ್ತೇ ಬ್ಯಾಡ ಅಂತ ಗಟ್ಟಿಯಾಗಿ ಅಂದಿದ್ರೆ...”

“ಅಂದ್ನಲ್ಲ! ನನ್ ಮಾತು ಯಾರ್ ಕೇಳಿದ್ರಿ?” ಎಂದವಳು ಅಲ್ಲಿಗೇ ನಿಂತಳು. ಬೂತಿನ ಮೀಟರು ಕಣ್ಣ ಮುಂದೆ ಬಂತು. ತಾನು ಅಂದದ್ದು ಮನೆಯೊಳಗೆ. ಅನ್ನಬೇಕಾದಲ್ಲಿ ಅನ್ನಲಿಲ್ಲ.

“ಎಲ್ಲಾ ಇವ್ನಿಂದ,” ಎಂದು ಹುಲಿಯಮ್ಮ ರವಿಯ ಮೇಲೆ ತಿರುಗಿದಳು. “ಕಾಗದ ಬರ್ಕೊಂಡು ಬಾ ಅಂತ ಯಾರು ಹೇಳಿದ್ರು ನಿಂಗೆ?”

“ಅಪ್ಪಯ್ಯನ್ನ ಕೇಳು! ಇ ಎಪ್ಪು ಪಿ ಅಂತ ಹಾಡ್ತಿದ್ದೋಳು ನೀನೇ ಅಲ್ವಾ ಅವ್ವ?”

ಧರ್ಮ ಒಳಗೆ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಒಂದು ಸಲ ಮಾತ್ರ, “ನಾನೂ ಒಬ್ಬ ಇದ್ನಲ್ಲ ಅದ್ರಲ್ಲಿ. ನಂಗೆ ಬಾಯಿ ಇರ್ಲಿಲ್ವಾ?” ಅಂದ. ಚೈತ್ರ ಆ ರಾತ್ರಿ ಊಟ ಬೇಡ ಅಂದಳು. ಬೆಳಿಗ್ಗೆ ನೋಡಿದರೆ ಕಂಬದ ಮೇಲಿನ ಕ್ಯಾಲೆಂಡರು ಇರಲಿಲ್ಲ. ಒಲೆಯಲ್ಲಿ ಅದರ ತಗಡಿನ ಪಟ್ಟಿ ಮಾತ್ರ ಉಳಿದಿತ್ತು.

ಎರಡನೇ ದಿನ ಮಧ್ಯಾಹ್ನ ಲಿಂಗಮ್ಮ ಬಂದಳು. ಹುಚ್ಚಣ್ಣನ ಕೈಕೆಳಗೆ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದವಳು, ಈಗ ಮುದುಕಿ. ಆರು ನಾಟಿ ಮೊಟ್ಟೆ ಸೆರಗಿನಲ್ಲಿ ಕಟ್ಟಿ ತಂದಿದ್ದಳು. ಧರ್ಮನ ಮಂಚದ ಪಕ್ಕ ಕೂತು ಅವನ ದೊಡ್ಡ ಕೈ ಸವರಿದಳು. ಚೈತ್ರ ಊರೆಲ್ಲ ಹೇಳಿದ್ದ ಪಾಠದ ವಿಷಯ ಅವಳಿಗೂ ಗೊತ್ತಿತ್ತು.

“ಮೇಸ್ತ್ರಿ ಚೆನ್ನಾಗಿ ಕಲಿಸೋರು,” ಅಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟವಾದದ್ದು. “ನಮ್ಗೂ ಕಲಿಸಿದ್ರು. ಕೂಸಿನ ಮನೆ ಸೋರಲ್ಲ ಅನ್ನು ಅಂತ. ನಾನು ತಪ್ದಂಗೆ ಸೋರಲ್ಲ ಅಂದೆ. ಆ ಮಳೇಲೇ ಅಲ್ವಾ ನನ್ ಸಣ್ಣದು ಹೋಗಿದ್ದು, ಎದೆ ಕಟ್ಕೊಂಡು. ಇದ್ದಿದ್ರೆ ನಿಮ್ಮ ಧರ್ಮನ ವಯಸ್ಸು.”

ಹುಲಿಯಮ್ಮ ಮೊಟ್ಟೆ ಒಳಗಿಡಲು ಎದ್ದಳು. ಹುಚ್ಚಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ. ಒಂದೇ ಎಲೆಗೆ, ಸುಮಾರು ಹೊತ್ತು. ಆಮೇಲೆ ಎಲೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಕಣದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಚರಂಡಿಗೆ ಬಿದ್ದಿದ್ದ ಕಾಫಿಯನ್ನು ಒಂದೊಂದೇ ಹೆಕ್ಕತೊಡಗಿದ. ಆ ಕಲಿಸಿದ ಮಾತು ಅವನಿಗೆ ಮರೆತಿರಲಿಲ್ಲ. ಯಾರೂ ಕೇಳಿರಲಿಲ್ಲ ಅಷ್ಟೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಆದರೆ ಮಾಡಿದವನು ಇವನು, ಉಂಡದ್ದು ಆಗ ಲಿಂಗಮ್ಮನ ಕೂಸು, ಈಗ ಇವನದೇ ಮಗ.

ಲಿಂಗಮ್ಮ ಹೋದ ಮೇಲೆ ಅವನು ಬಾಗಿಲಲ್ಲಿ ನಿಂತು ಸೊಸೆಯನ್ನು ಕರೆದ.

“ಚಂದ್ರಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗಿ. ಆ ಚೀಟಿ ಐತಲ್ಲ, ಅದನ್ನ ತಗಂಡೋಗು. ಏನ್ ಕೇಳಿದ್ರೂ ನಿಜ ಹೇಳು.” ಸ್ವಲ್ಪ ತಡೆದು, “ನಾನೇ ಕಲಿಸ್ದೆ ಅಂತ್ಲೂ ಹೇಳು” ಅಂದ.

ಚೈತ್ರ ತಾನೂ ಬರುತ್ತೇನೆಂದು ಹಟ ಹಿಡಿದಳು. ಅಪ್ಪನ ಕೈ ಹಿಡಿದು ಬಸ್ಸು ಹತ್ತಿಸಿದವಳು ಅವಳೇ. ಸಕಲೇಶಪುರ ದಾಟುವವರೆಗೂ ಸುಮ್ಮನಿದ್ದಳು. ಹೇಮಾವತಿ ಸೇತುವೆ ಹಿಂದಾದ ಮೇಲೆ ಅಪ್ಪನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

“ನಾನು ಹೇಳ್ಕೊಟ್ಟಿದ್ದಕ್ಕಾ ಅಪ್ಪ?”

“ಏನು?”

“ನಿಂಗೆ ಹಿಂಗಾಗಿದ್ದು.”

“ಥೂ, ಯಾರ್ ಹೇಳಿದ್ರು ನಿಂಗೆ?” ಧರ್ಮ ಅವಳ ತಲೆ ಹುಡುಕಿ ಕೈಯಿಟ್ಟ. “ಸ್ವಲ್ಪ ಮಬ್ಬು ಅಷ್ಟೆ ಮಗ. ಎಲ್ಲಾ ಕಾಣ್ತದೆ ನಂಗೆ. ಬೇಕಾದ್ರೆ ನೋಡ್ತಿರು, ಡಾಕ್ಟ್ರ ಮುಂದೆ ಬೋರ್ಡ್ ಓದಿ ತೋರಿಸ್ತೀನಿ.”

ಆಸ್ಪತ್ರೆಯಲ್ಲಿ ಈ ಸಲ ಸಿಕ್ಕಿದ್ದು ಬೇರೆ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು. ಧರ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಎಡಗಣ್ಣನ್ನು ಕೈಯಿಂದ ಮುಚ್ಚಿಕೊಳ್ಳಲು ಹೇಳಿ, ಎದುರಿನ ಗೋಡೆಯ ದೀಪ ಹಾಕಿದರು.

“ಮೇಲ್ಗಡೆಯಿಂದ ಓದಿ. ಎಷ್ಟು ಕಾಣುತ್ತೋ ಅಷ್ಟೇ ಓದಿ, ಅವಸರ ಇಲ್ಲ.”

ಧರ್ಮ ಬೆನ್ನು ನೆಟ್ಟಗೆ ಮಾಡಿದ. ರಿಂಗಿಗೆ ಇಳಿಯುವಾಗ ಹೀಗೇ ಕತ್ತು ಎತ್ತುತ್ತಿದ್ದ. ಅಪ್ಪ ಕಲಿಸಿದ ಹಾಗೆ ಗಡಗಡ ಅನ್ನದೆ, ನಿಧಾನವಾಗಿ, ಕಣ್ಣು ಕಿರಿದು ಮಾಡಿ ಶುರುಮಾಡಿದ.

“ಇ,” ಅಂದ. “ಎಫ್... ಪಿ. ಟಿ, ಓ, ಝೆಡ್. ಎಲ್, ಪಿ...”

ಡಾಕ್ಟರ ಕೈಯಲ್ಲಿದ್ದ ಕೋಲು ನಿಂತಿತು. ಚೈತ್ರ ಗೋಡೆ ನೋಡಿದಳು. ಗೋಡೆಯ ಮೇಲೆ ಇದ್ದದ್ದು ಕನ್ನಡದ ಬೋರ್ಡು. ಮೇಲೆ ಒಂದು ದೊಡ್ಡ ಗ, ಅದರ ಕೆಳಗೆ ರ, ಸ.

ಧರ್ಮ ನಾಲ್ಕನೇ ಸಾಲು ಮುಗಿಸಿ ಮಗಳು ನಿಂತಿರಬಹುದಾದ ಕಡೆಗೆ ಮುಖ ತಿರುಗಿಸಿ ನಕ್ಕ. “ಸರಿ ಐತಾ ಟೀಚರೇ?”

ಚೈತ್ರ ಗೋಡೆಯಿಂದ ಕಣ್ಣು ತೆಗೆದಳು. “ಸರಿ ಐತೆ ಅಪ್ಪ,” ಅಂದಳು. “ನೂರಕ್ಕೆ ನೂರು.”

ಅದನ್ನು ಕೇಳಿ ಚಂದ್ರಿಕಾಗೆ ತಡೆಯಲಾಗಲಿಲ್ಲ. ಮನೆಯ ಪಾಠ ಈ ಎಳೇ ಜೀವಕ್ಕೂ ಇಳಿದುಬಿಟ್ಟಿತಲ್ಲ ಎಂದುಕೊಂಡು ಮೇಜಿನ ಹತ್ತಿರ ಬಂದಳು.

“ಇಲ್ಲ ಡಾಕ್ಟ್ರೇ,” ಅಂದಳು. ಬೂತಿನಲ್ಲಿ ಬಾರದ ದನಿ ಈಗ ಗಟ್ಟಿಯಾಗಿಯೇ ಬಂತು. “ಇವ್ರಿಗೆ ಕಾಣಲ್ಲ. ಎಡಗಣ್ಣು ಹೋಗಿ ವರ್ಷ ಆಯ್ತು. ಇನ್ನೊಂದು ಪೆಟ್ಟು ಬಿದ್ರೆ ಇದೂ ಹೋಗ್ತದೆ ಅಂತ ಬರ್ದುಕೊಟ್ಟಿದ್ರು. ಬೋರ್ಡು ಬಾಯಿಪಾಠ ಮಾಡ್ಸಿ ಆಡಕ್ಕೆ ಕಳ್ಸಿದ್ದು ನಾವು. ತಪ್ಸೋ ಮಾತು ನನ್ನತ್ರ ಇತ್ತು, ಫೋನಿನ ತಂಕ ಹೋಗಿ ನುಂಗ್ಕೊಂಡು ಬಂದೆ.” ಸೆರಗಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ವರ್ಷವಿಡೀ ಧಾರೆಸೀರೆಯೊಳಗಿದ್ದ ಚೀಟಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು.

ಡಾಕ್ಟರು ಚೀಟಿ ಓದಿದರು. ಯಾರನ್ನೂ ಬೈಯಲಿಲ್ಲ. ದಾದಿಯನ್ನು ಕರೆದು, “ಬೆಂಗಳೂರಿಗೆ ಬರೆದುಕೊಡ್ತೀನಿ, ಇವತ್ತೇ ಹೊರಡಬೇಕು. ಮೂರು ದಿನ ಮುಂಚೆ ಬಂದಿದ್ರೆ ಚೆನ್ನಾಗಿತ್ತು” ಎಂದಷ್ಟೇ ಹೇಳಿ ಬರೆಯಲು ಪಕ್ಕದ ಕೋಣೆಗೆ ಹೋದರು.

ಧರ್ಮ ಇನ್ನೂ ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದ.

“ಬೋರ್ಡು ಬೇರೇನಾ?” ಅಂದ.

“ಕನ್ನಡದ್ದು,” ಅಂದಳು ಚಂದ್ರಿಕಾ.

ಅವನು ಅಂಗೈ ಇಳಿಸಿದ. ಆಮೇಲೆ ಮಗಳ ಕಡೆಗೆ ಕೈ ಚಾಚಿದ. ಕೈ ಗಾಳಿಯಲ್ಲಿ ಪಕ್ಕಕ್ಕೆ ಹೋಯಿತು. ಚೈತ್ರ ತಾನೇ ಸರಿದು ಬಂದು ಅದನ್ನು ಹಿಡಿದುಕೊಂಡಳು.

“ಅಳಬ್ಯಾಡ ಮಗ. ಏನ್ ಬರ್ದವ್ರೆ ಅದ್ರಲ್ಲಿ? ನೀನು ಓದು. ಇದ್ದಂಗೇ ಓದು.”

ಚೈತ್ರ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. “ಗ,” ಅಂದಳು.

“ಗ,” ಅಂದ ಧರ್ಮ. “ಎರಡನೇ ಸಾಲು?”